ಕತ್ತರಿ ಬಿದ್ದ ಚಿತ್ರವನ್ನು ನೋಡುವ ಬಗೆ

ರಂಗನತಿಟ್ಟಿನ ಹಕ್ಕಿ ಫೋಟೊ ಕೈಗೆ ಬಂದರೆ ಮೊದಲು ಅದರ ಅಂಚುಗಳನ್ನು ಗಮನಿಸಿ. ಬಣ್ಣದ ಕೊಕ್ಕರೆ ಮುಖ ಮಾಡಿದ ಕಡೆ ಒಂದಿಷ್ಟು ಬಯಲು ಉಳಿದಿದೆಯೇ? ರೆಕ್ಕೆಯ ತುದಿ ಕತ್ತರಿಗೆ ಸಿಕ್ಕಿದೆಯೇ? ಇಂಥ ಚಿತ್ರಗಳಲ್ಲಿ ಎಷ್ಟೋ ಆಮೇಲೆ ಕ್ರಾಪ್ ಆದವೇ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಮರಿಗಳಿರುವಾಗ ದೋಣಿಯವನಿಗೆ ‘ಇನ್ನೊಂಚೂರು ಹತ್ರ ಹೋಗಣ್ಣ’ ಎಂದು ಗೋಗರೆಯುವುದಕ್ಕಿಂತ ದೂರದಿಂದಲೇ ತೆಗೆದು ಕತ್ತರಿಸುವುದು ಮರ್ಯಾದೆ.

ಲೆಕ್ಕ ಸರಳ. 45 ಮೆಗಾಪಿಕ್ಸೆಲ್ ಚಿತ್ರದ ಉದ್ದ, ಅಗಲ ಎರಡನ್ನೂ ಅರ್ಧಕ್ಕಿಳಿಸಿದರೆ ಉಳಿಯುವುದು ಕಾಲು ಭಾಗ, ಸುಮಾರು 11. ಇಂಚಿಗೆ 300 ಚುಕ್ಕೆಯಂತೆ 12×8 ಇಂಚಿನ ಪ್ರಿಂಟಿಗೆ ಅಷ್ಟು ಸಾಕು. ಹೀಗೆ ಕತ್ತರಿಸಿದಾಗ 400 ಎಂಎಂ ಲೆನ್ಸಿನಲ್ಲಿ ತೆಗೆದದ್ದು 800ರಲ್ಲಿ ತೆಗೆದಷ್ಟು ಹತ್ತಿರ ಕಾಣುತ್ತದೆ. 24 ಮೆಗಾಪಿಕ್ಸೆಲ್ಲಿಗೆ ಇದೇ ಕತ್ತರಿ ಹಾಕಿದರೆ ಆರು ಉಳಿದೀತು. ಮೊಬೈಲಿಗೆ ಧಾರಾಳ, ದೊಡ್ಡ ಪ್ರಿಂಟಿಗೆ ಸಾಲದು.

ಆದರೆ ಹಕ್ಕಿಯ ಜೊತೆಗೆ ದೋಣಿಯ ಕುಲುಕಾಟವೂ ದೊಡ್ಡದಾಗುತ್ತದೆ, ಹೆಚ್ಚಿನ ಐಎಸ್‌ಒ ತಂದ ಕಾಳುಕಾಳೂ ಎದ್ದು ಕಾಣುತ್ತದೆ. ಆದ್ದರಿಂದ ಹಕ್ಕಿಯ ಕಣ್ಣನ್ನು ಹಿಗ್ಗಿಸಿ ನೋಡಿ. ಕತ್ತಿನ ಗರಿ ಚೂಪಾಗಿದ್ದು ಕಣ್ಣು ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಅದನ್ನು ಸರಿಪಡಿಸಲಾಗದು.

ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನಲ್ಲಿ ಕತ್ತರಿಯ ನಿಜವಾದ ಪರೀಕ್ಷೆ. 13ನೇ ಶತಮಾನದ ಲಕ್ಷ್ಮೀನಾರಾಯಣ ಗುಡಿಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ, ಹೀಗೆ ಒಂದರ ಮೇಲೊಂದು ಪಟ್ಟಿಕೆ. ನೇರ ನಿಂತು ತೆಗೆದ ಒಂದೇ ಫೋಟೊದಿಂದ ಹತ್ತು ಚಿತ್ರ ಬಿಡಿಸಿಕೊಳ್ಳಬಹುದು. ಆನೆ ಸಾಲನ್ನು ಎಲ್ಲಿ ಕತ್ತರಿಸಿದರೂ ನಡೆದೀತು. ಕಥೆಯ ಸಾಲು ಹಾಗಲ್ಲ: ಬಿಲ್ಲು ಹಿಡಿದವನನ್ನು ಉಳಿಸಿಕೊಂಡು ಬಾಣ ತಾಗಿದವನನ್ನು ಕೈಬಿಟ್ಟರೆ ಪ್ರಸಂಗವೇ ಹೋಯಿತು. ಇನ್ನು ಕೆಳಗೆ ನಿಂತು ಕತ್ತೆತ್ತಿ ತೆಗೆದ ವಿಗ್ರಹವನ್ನು ಎಷ್ಟು ಕ್ರಾಪ್ ಮಾಡಿದರೂ ಅದು ಎದುರಿಗೆ ನಿಂತು ನೋಡಿದ ಹಾಗೆ ಆಗುವುದಿಲ್ಲ.

ನಾಗಮಂಗಲದ ಆದಿಚುಂಚನಗಿರಿಯ ನವಿಲಾದರೆ ತಲೆ ಮಾತ್ರ ಇರಲಿ, ಇಲ್ಲವೇ ಗರಿ ಪೂರ್ತಿ ಇರಲಿ. ಪಾಂಡವಪುರ ಕಡೆಯ ತೊಣ್ಣೂರು ಕೆರೆಗೆ ಕತ್ತರಿಯೇ ಬೇಡ. ಅದರ ಸೊಗಸೆಲ್ಲ ವಿಸ್ತಾರದಲ್ಲಿದೆ.

ಸಲೂನ್ ಎನ್ನುವ ಅಂತರರಾಷ್ಟ್ರೀಯ ಫೋಟೊ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಅಡ್ಡ ಬಂದ ರೆಂಬೆಯನ್ನು ಅಳಿಸುವಂತಿಲ್ಲ, ಕ್ರಾಪ್ ಮಾಡಿ ಹೊರಗಿಡಬಹುದು. ರೆಂಬೆ ಹಕ್ಕಿಯ ಎದೆಗೇ ಅಡ್ಡವಿದ್ದರೆ ಆ ಚಿತ್ರ ಬಿಟ್ಟು ಇನ್ನೊಂದನ್ನು ಆರಿಸಿ.