ಪಟ್ಟಿಯೂ ಬಾಳಕಥೆಯೂ: ವ್ಯಕ್ತಿಕೇಂದ್ರಿತ ವೃದ್ಧಸೇವೆಯ ಒಂದು ದೇವಶಾಸ್ತ್ರೀಯ ವಿಮರ್ಶೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ತಾಳಗುಂದ ಮತ್ತು ಬಳ್ಳಿಗಾವಿ ಒಂದಕ್ಕೊಂದು ಸಮೀಪದ ಊರುಗಳು. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವು ಕ್ರಿ.ಶ. 5ನೆಯ ಶತಮಾನಕ್ಕೆ ಸೇರಿದುದು. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಈ ಬರಹವು, ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಗೆ ಹೋದುದನ್ನೂ, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದುದನ್ನೂ ವಿವರಿಸುತ್ತದೆ. ಬಳ್ಳಿಗಾವಿಯ ಕೋಡಿಯಮಠಕ್ಕೆ ಸಂಬಂಧಿಸಿದ 1162ರ ಶಾಸನವು ಬೇರೆ ಬಗೆಯದು. ವೇದ, ವ್ಯಾಕರಣ, ದರ್ಶನ, ಪುರಾಣಗಳ ಅಧ್ಯಯನಕ್ಕೆ ನೆಲೆಯಾಗಿದ್ದ ಆ ಕಾಳಾಮುಖ ಮಠವು ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮುಂತಾದವರಿಗೆ ಅನ್ನವನ್ನೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯನ್ನೂ ನೀಡುವ ಸ್ಥಳವಾಗಿತ್ತೆಂದು ಅದು ಹೊಗಳುತ್ತದೆ. ಕನ್ನಡನಾಡಿನಲ್ಲಿ ಸಂಸ್ಥೆಯೊಂದು ಅಶಕ್ತರ ಆರೈಕೆಯನ್ನು ತನ್ನ ಧರ್ಮವೆಂದು ಸಾರ್ವಜನಿಕವಾಗಿ ಘೋಷಿಸಿದುದಕ್ಕೆ ಇದು ಗಣ್ಯವಾದ ಸಾಕ್ಷ್ಯ.

ಈ ಎರಡು ಬರಹಗಳನ್ನು ಜೊತೆಗಿಟ್ಟು ಓದಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ತಾಳಗುಂದದ ಸ್ತಂಭದಲ್ಲಿ ಮನುಷ್ಯನಿಗೆ ಹೆಸರಿದೆ, ಗುರುವಿದ್ದಾನೆ, ಪ್ರಯಾಣವಿದೆ, ಅವಮಾನವಿದೆ, ತಿರುವಿದೆ. ಕೋಡಿಯಮಠದ ಶಾಸನದಲ್ಲಿ ವಿದ್ವಾಂಸನು ತಾನು ಓದಿದ ಶಾಸ್ತ್ರದಿಂದ ಗುರುತಿಸಲ್ಪಡುತ್ತಾನೆ, ಗಾಯಕನೂ ನರ್ತಕನೂ ತಮ್ಮ ಕಲೆಯಿಂದ ಗುರುತಿಸಲ್ಪಡುತ್ತಾರೆ. ಅಶಕ್ತನು ಮಾತ್ರ ತನ್ನಲ್ಲಿ ಇಲ್ಲದುದರಿಂದ ಗುರುತಿಸಲ್ಪಡುತ್ತಾನೆ. ಇದು ಆ ಮಠದ ಮೇಲಿನ ದೂರಲ್ಲ. ಹಸಿದವನಿಗೆ ಮೊದಲು ಬೇಕಾದುದು ಅನ್ನ, ಚರಿತ್ರೆಯಲ್ಲ. ಪ್ರಶಸ್ತಿಶಾಸನದ ಪ್ರಕಾರವೇ ಗುರುವನ್ನೂ ಅರಸನನ್ನೂ ದಾನಿಯನ್ನೂ ಹೆಸರಿಸುವಂಥದು. ತಾಳಗುಂದದ ಸ್ತಂಭವೂ ಕಾಕುಸ್ಥವರ್ಮನು ಕೆರೆ ಕಟ್ಟಿಸಿದನೆಂದು ಹೇಳುತ್ತದೆಯೇ ಹೊರತು ಕೆರೆ ತೋಡಿದವರ ಹೆಸರನ್ನು ಹೇಳುವುದಿಲ್ಲ. ಆದರೂ ಈ ಭೇದವನ್ನು ಗಮನಿಸುವುದು ಅಗತ್ಯ. ಏಕೆಂದರೆ ನಮ್ಮ ಕಾಲದ ವೃದ್ಧಾಶ್ರಮಗಳು, ಕ್ರೈಸ್ತ ಸಂಸ್ಥೆಗಳು ನಡೆಸುವವುಗಳೂ ಸೇರಿ, ಬಹುಮಟ್ಟಿಗೆ ಕೋಡಿಯಮಠದ ಭಾಷೆಯಲ್ಲೇ ಮಾತನಾಡುತ್ತವೆ. ಫ್ಯಾನಿನ ಮೇಲೆಯೂ ಬೆಂಚಿನ ಮೇಲೆಯೂ ದಾನಿಯ ಹೆಸರಿರುತ್ತದೆ. ಮಂಚದ ಮೇಲೆ ಮಲಗಿದವರಿಗೆ ಸಂಖ್ಯೆ ಇರುತ್ತದೆ. ವ್ಯಕ್ತಿಕೇಂದ್ರಿತ ಸೇವೆ ಎಂಬ ಇಂದಿನ ಆದರ್ಶವು, ಪಟ್ಟಿಯಲ್ಲಿ ಸೇರಿದವರಿಗೆ ಸ್ತಂಭದಲ್ಲಿ ಸಲ್ಲುವ ಗೌರವ ಸಲ್ಲಬೇಕೆಂಬ ಬೇಡಿಕೆಯಾಗಿದೆ. ಆ ಬೇಡಿಕೆಯ ತಾತ್ತ್ವಿಕ ಬುನಾದಿ ಸಾಕಷ್ಟು ಗಟ್ಟಿಯಾಗಿದೆಯೇ, ಸಭೆಯು ಅದಕ್ಕೆ ಏನನ್ನು ಕೂಡಿಸಬಲ್ಲದು ಎಂಬುದೇ ಈ ಲೇಖನದ ವಿಚಾರ.

ಮೊದಲು ನಮ್ಮ ಕಾನೂನನ್ನು ನೋಡೋಣ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007, ಅರುವತ್ತು ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸುತ್ತದೆ. ಅದರ 19ನೆಯ ಪ್ರಕರಣವು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಒಂದಾದರೂ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದೆನ್ನುತ್ತದೆ. ಅಲ್ಲಿನ ಸೇವೆಗಳ ಮಟ್ಟವನ್ನು ಕುರಿತು ಹೇಳುವಾಗ ವೈದ್ಯಕೀಯ ಆರೈಕೆಯನ್ನೂ ಮನರಂಜನೆಯ ಸಾಧನಗಳನ್ನೂ ಹೆಸರಿಸುತ್ತದೆ. ಇವೆರಡೂ ಬೇಕಾದವೇ. ಆದರೆ ದೇಹಕ್ಕೆ ಔಷಧ, ಮನಸ್ಸಿಗೆ ಮನರಂಜನೆ ಎಂಬ ಈ ಜೋಡಿಯ ನಡುವೆ ಒಬ್ಬ ಮನುಷ್ಯನ ಬಾಳು ಎಲ್ಲಿ ಬರುತ್ತದೆಯೆಂಬ ಪ್ರಶ್ನೆ ಉಳಿಯುತ್ತದೆ. ಒಂದು ದೂರದರ್ಶನ ಪೆಟ್ಟಿಗೆಯನ್ನು 150 ಮಂದಿಯ ಮುಂದಿಟ್ಟರೂ ಕಾನೂನಿನ ಮಾತು ನೆರವೇರಿದಂತೆಯೇ.

ಈ ಕೊರತೆಯನ್ನು ಮೊತ್ತಮೊದಲು ವ್ಯವಸ್ಥಿತವಾಗಿ ವಿವರಿಸಿದವರಲ್ಲಿ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಪ್ರಮುಖರು. 1997ರಲ್ಲಿ ಪ್ರಕಟವಾದ ‘ಡಿಮೆನ್ಶಿಯಾ ರೀಕನ್ಸಿಡರ್ಡ್’ ಎಂಬ ಗ್ರಂಥದಲ್ಲಿ ಅವರು, ಮರೆವಿನ ಕಾಯಿಲೆಗೊಳಗಾದವರು ಕುಗ್ಗಿಹೋಗುವುದು ಮೆದುಳಿನ ಕ್ಷಯದಿಂದ ಮಾತ್ರವಲ್ಲ, ಸುತ್ತಲಿನವರ ವರ್ತನೆಯಿಂದಲೂ ಎಂದು ವಾದಿಸಿದರು. ಹಿರಿಯರನ್ನು ಮಗುವಿನಂತೆ ಕಾಣುವುದು, ಅವರಿಗಿಂತ ವೇಗವಾಗಿ ಮಾತನಾಡಿ ಹಿಂದೆ ಬಿಡುವುದು, ಎದುರಿಗಿದ್ದೂ ಇಲ್ಲದವರಂತೆ ಅವರ ಬಗ್ಗೆ ಮಾತನಾಡುವುದು, ಹೆಸರಿನ ಬದಲು ರೋಗದಿಂದ ಗುರುತಿಸುವುದು: ಇಂಥ ವರ್ತನೆಗಳ ಪಟ್ಟಿಯನ್ನೇ ಅವರು ಕೊಟ್ಟರು. ಹೀಗೆ ನಡೆದುಕೊಳ್ಳುವವರು ಕೆಡುಕರಲ್ಲ, ಒಳ್ಳೆಯ ಮನಸ್ಸಿನವರೇ ರೂಢಿಯಿಂದ ಹೀಗೆ ಮಾಡುತ್ತಾರೆಂದೂ ಸ್ಪಷ್ಟಪಡಿಸಿದರು. ಸಾಂತ್ವನ, ಆಪ್ತ ಬಾಂಧವ್ಯ, ಒಳಗೊಳ್ಳುವಿಕೆ, ಕೆಲಸ, ತನ್ನತನ ಎಂಬ ಐದು ಅಗತ್ಯಗಳು ಪ್ರೀತಿಯೆಂಬ ಒಂದೇ ಕೇಂದ್ರದ ಸುತ್ತ ಹೆಣೆದುಕೊಂಡಿವೆಯೆಂಬುದು ಅವರ ನಿಲುವು.

ಇದು ನಮ್ಮ ನಾಡಿನಲ್ಲಿ ಏನಾಗುತ್ತದೆಂದು ಊಹಿಸಿ ನೋಡಬಹುದು. ಸೊರಬ, ಸಾಗರಗಳ ಗುಡಿಗಾರರು ಗಂಧದ ಮರದ ಕೆತ್ತನೆಗೆ ಹೆಸರಾದವರು; ಅದೇ ಸೀಮೆಯ ದೀವರ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವವರು. ಜೀವಮಾನವಿಡೀ ಉಳಿ ಹಿಡಿದ ಮುದುಕನೊಬ್ಬ ಆಶ್ರಮದಲ್ಲಿ ದಿನವೆಲ್ಲ ಮೇಜಿನ ಅಂಚನ್ನು ಉಗುರಿನಿಂದ ಗೀರುತ್ತಿದ್ದರೆ, ಅವನ ಕಡತದಲ್ಲಿ ಅದು ‘ಚಡಪಡಿಕೆ’ ಎಂದು ದಾಖಲಾಗಿ ನಿದ್ರೆಯ ಮಾತ್ರೆಗೆ ಕಾರಣವಾಗಬಹುದು. ಅವನು ಏನಾಗಿದ್ದನೆಂದು ಬಲ್ಲ ಆಯಾ ಅವನ ಕೈಗೆ ಒಂದು ಮೆದುವಾದ ಮರದ ತುಂಡನ್ನು ಕೊಟ್ಟಾಳು. ಚಿತ್ತಾರದ ಅಜ್ಜಿ ಬೆರಳನ್ನು ನೀರಿನಲ್ಲದ್ದಿ ಗೋಡೆಯ ಮೇಲೆ ಗೆರೆ ಎಳೆದರೆ ಅದು ಹೊಲಸು ಮಾಡುವುದೋ, ಹಸೆ ಬರೆಯುವುದೋ? ಉತ್ತರವು ನೋಡುವವರಿಗೆ ಅವಳ ಬಾಳು ತಿಳಿದಿದೆಯೇ ಎಂಬುದನ್ನು ಅವಲಂಬಿಸಿದೆ. ಬಾಳಕಥೆಯ ಅರಿವು ಆರೈಕೆಯ ಅಲಂಕಾರವಲ್ಲ, ಅದರ ಸಾಧನ.

ಇಷ್ಟರಮಟ್ಟಿಗೆ ಕಿಟ್‌ವುಡ್ ಅವರಿಗೆ ನಾವು ಋಣಿಗಳು. ಆದರೆ ಅವರ ವ್ಯಾಖ್ಯೆಯಲ್ಲಿ ಒಂದು ಬಿರುಕಿದೆ. ವ್ಯಕ್ತಿತ್ವವೆಂಬುದು ಸಂಬಂಧಗಳ ನಡುವೆ ಇತರರು ಒಬ್ಬರಿಗೆ ನೀಡುವ ಸ್ಥಾನಮಾನವೆಂದು ಅವರು ಹೇಳುತ್ತಾರೆ. ಇತರರು ನೀಡದಿದ್ದರೆ? ಮಕ್ಕಳು ದೂರದೇಶದಲ್ಲಿದ್ದು, ಸಿಬ್ಬಂದಿ ತಿಂಗಳಿಗೊಮ್ಮೆ ಬದಲಾಗಿ, ಭೇಟಿಗೆ ಯಾರೂ ಬಾರದ ಹಾಸಿಗೆಯಲ್ಲಿರುವವರು ಆ ಮಟ್ಟಿಗೆ ವ್ಯಕ್ತಿಗಳಲ್ಲವೆಂದಾಗುತ್ತದೆ. ಕಿಟ್‌ವುಡ್ ಅವರ ಉದ್ದೇಶ ಖಂಡಿತ ಇದಲ್ಲ. ಆದರೆ ಅವರ ಮಾತಿನ ತರ್ಕ ಅಲ್ಲಿಗೆ ಒಯ್ಯುತ್ತದೆ. ಅಬರ್ಡೀನಿನ ದೇವಶಾಸ್ತ್ರಜ್ಞ ಜಾನ್ ಸ್ವಿಂಟನ್ 2012ರ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ದೇವರ ಸ್ಮರಣೆಯ ಕಡೆಗೆ ತಿರುಗಿಸಿದ್ದು ಇದಕ್ಕಾಗಿಯೇ. ನಾವು ನಾವಾಗಿ ಉಳಿಯುವುದು ನಮ್ಮ ನೆನಪಿನ ಬಲದಿಂದಲ್ಲ, ದೇವರು ನಮ್ಮನ್ನು ನೆನೆಯುವುದರಿಂದ ಎಂಬುದು ಅವರ ವಾದದ ತಿರುಳು. ಯೆಶಾಯ 49:14-16ರಲ್ಲಿ ತಾನು ಮರೆಯಲ್ಪಟ್ಟೆನೆಂದು ಚೀಯೋನು ದುಃಖಿಸುವಾಗ, ತಾಯಿಯ ಮರೆವನ್ನೂ ಸಂಭವವೆಂದು ಒಪ್ಪಿ, ತನ್ನ ಅಂಗೈಯ ಕೆತ್ತನೆಯನ್ನು ಯೆಹೋವನು ಮುಂದಿಡುತ್ತಾನೆ. ಕಲ್ಲಿನ ಮೇಲಿನ ಅಕ್ಷರ ಅರಸರಿಗೆ ದೊರೆಯುತ್ತದೆ. ಈ ಕೆತ್ತನೆ ಮರೆತವರಿಗೂ ಮರೆಯಲ್ಪಟ್ಟವರಿಗೂ ದೊರೆಯುತ್ತದೆ.

ಆದರೆ ಇಲ್ಲಿಯೇ ದೇವಶಾಸ್ತ್ರಕ್ಕೂ ಒಂದು ಅಪಾಯವಿದೆ. ದೇವರು ನೆನೆಯುತ್ತಾನೆಂಬ ಮಾತು ನಾವು ಮರೆಯುವುದಕ್ಕೆ ಅನುಮತಿಯಾಗಬಾರದು. ಲೂಕನ ಸುವಾರ್ತೆ ಈ ಎರಡನ್ನೂ ಜೋಡಿಸುತ್ತದೆ. 2:36-38ರಲ್ಲಿ ದೇವಾಲಯವನ್ನು ಬಿಟ್ಟುಹೋಗದೆ ಇದ್ದ ವೃದ್ಧೆ ಅನ್ನಳ ಪರಿಚಯ ಬರುತ್ತದೆ. ತಂದೆ ಫನುವೇಲ, ಕುಲ ಅಸೇರ, ದಾಂಪತ್ಯ ಏಳೇ ವರ್ಷ, ದೀರ್ಘ ವೈಧವ್ಯ, ಉಪವಾಸ, ಪ್ರಾರ್ಥನೆ. 84 ಎಂಬ ಸಂಖ್ಯೆ ಅವಳ ವಯಸ್ಸೋ ವೈಧವ್ಯದ ವರ್ಷಗಳೋ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಅವಳ ಬಾಳಿನ ಲೆಕ್ಕವನ್ನು ಸುವಾರ್ತಿಕನು ಇಟ್ಟಿದ್ದಾನೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮೂರೇ ವಚನಗಳಲ್ಲಿ ಅವಳಿಗೆ ಮೂಲ, ನಷ್ಟ, ದಿನಚರಿ, ಕಡೆಗೆ ಕರೆಯೂ ದೊರೆಯುತ್ತವೆ. ಅವಳು ಕೂಸನ್ನು ಕುರಿತು ಇತರರಿಗೆ ಹೇಳುವವಳಾಗುತ್ತಾಳೆ. ಅವಳು ಸೇವೆ ಪಡೆಯುವವಳೆಂದು ಮಾತ್ರ ಅಲ್ಲಿಲ್ಲ, ಪ್ರವಾದಿನಿಯಾಗಿ ಇದ್ದಾಳೆ. ಕಿಟ್‌ವುಡ್ ಹೇಳಿದ ‘ಕೆಲಸ’ ಎಂಬ ಅಗತ್ಯಕ್ಕೆ ಸುವಾರ್ತೆ ಕೊಡುವ ಆಳವಾದ ಹೆಸರು ಕರೆ.

ಆದಿಸಭೆಯಲ್ಲಿಯೂ ಪಟ್ಟಿಯಿತ್ತು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 5:9-10ರಲ್ಲಿ ಅರುವತ್ತು ದಾಟಿದ ವಿಧವೆಯರನ್ನು ಪಟ್ಟಿಗೆ ಸೇರಿಸುವ ಕ್ರಮವಿದೆ. ಕುತೂಹಲದ ಸಂಗತಿಯೆಂದರೆ ಸೇರಿಸುವ ಮುನ್ನ ಅವಳ ಬಾಳನ್ನು ಕೇಳಿ ತಿಳಿಯಬೇಕು: ಮಕ್ಕಳನ್ನು ಸಾಕಿದ್ದಾಳೆಯೇ, ಅತಿಥಿಗಳನ್ನು ಸತ್ಕರಿಸಿದ್ದಾಳೆಯೇ, ಸಂಕಟದಲ್ಲಿದ್ದವರಿಗೆ ನೆರವಾಗಿದ್ದಾಳೆಯೇ. ಅಂದರೆ ಪಟ್ಟಿಯೂ ಬಾಳಕಥೆಯೂ ಶತ್ರುಗಳಾಗಬೇಕಿಲ್ಲ. ಆದರೆ ಈ ಭಾಗವನ್ನು ವಿಮರ್ಶೆಯಿಲ್ಲದೆ ಸ್ವೀಕರಿಸಲಾಗದು. ಅಲ್ಲಿ ಬಾಳಕಥೆ ಅರ್ಹತೆಯ ಪರೀಕ್ಷೆಯಾಗಿದೆ. ಒಳ್ಳೆಯ ಬಾಳು ಬಾಳಿದವಳಿಗೆ ಸ್ಥಾನ, ಉಳಿದವರಿಗೆ ಇಲ್ಲ. ಕುಡಿತದಲ್ಲಿ ಮನೆಯನ್ನು ಹಾಳುಮಾಡಿ, ಮಕ್ಕಳಿಂದ ದೂರವಾಗಿ ಆಶ್ರಮದ ಬಾಗಿಲಿಗೆ ಬಂದ ಮುದುಕನ ಕಥೆಯನ್ನೂ ಕೇಳಬೇಕು. ತೀರ್ಪು ಕೊಡಲಿಕ್ಕಲ್ಲ, ಅವನನ್ನು ಅರಿಯಲಿಕ್ಕೆ. ಹೇಳಲು ಇಷ್ಟವಿಲ್ಲದುದನ್ನು ಹೇಳದಿರುವ ಹಕ್ಕೂ ಅವನದೇ.

ಸಭೆಯ ಪ್ರಸಂಗಪೀಠದಿಂದ ಕೇಳಿಬರುವ ಇನ್ನೊಂದು ಮಾತನ್ನೂ ಪರಿಶೀಲಿಸಬೇಕು. ತಂದೆತಾಯಿಗಳನ್ನು ಆಶ್ರಮಕ್ಕೆ ಸೇರಿಸುವುದೇ ಐದನೆಯ ಆಜ್ಞೆಯ ಉಲ್ಲಂಘನೆಯೆಂದು ಹೇಳುವಾಗ ಮಾರ್ಕ 7:9-13ರ ಕೊರ್ಬಾನ್ ಪ್ರಸಂಗವನ್ನು ಉದಾಹರಿಸುವುದುಂಟು. ಈ ಬೋಧನೆಯ ಭಾರ ಬೀಳುವುದು ಮನೆಯಲ್ಲಿ ಹಗಲಿರುಳು ಆರೈಕೆ ಮಾಡುವ ಸೊಸೆಯ ಮೇಲೆ, ಮದುವೆಯಾಗದ ಮಗಳ ಮೇಲೆ. ಯೇಸು ಅಲ್ಲಿ ಖಂಡಿಸಿದ್ದು ದೇವರ ಹೆಸರಿನಲ್ಲಿ ಕರ್ತವ್ಯದಿಂದ ತಪ್ಪಿಸಿಕೊಳ್ಳುವುದನ್ನು. ಹಾಗಿದ್ದರೆ ಆ ಖಂಡನೆ ಮನೆಗಿಂತ ಮೊದಲು ಸಂಸ್ಥೆಗೆ ತಗಲುತ್ತದೆ. ದೇವರಿಗೆ ಅರ್ಪಿತವೆಂದು ಫಲಕ ಹಾಕಿ, ಪ್ರತಿಷ್ಠೆಯ ಆರಾಧನೆ ನಡೆಸಿ, ಒಳಗಿರುವ ಹಿರಿಯರನ್ನು ಸಂಖ್ಯೆಗಳಾಗಿ ಇಟ್ಟ ಆಶ್ರಮವೇ ನಮ್ಮ ಕಾಲದ ಕೊರ್ಬಾನ್.

ಇದಕ್ಕೆ ಬೇರೊಂದು ಮಾದರಿ ಸಭೆಯ ಚರಿತ್ರೆಯಲ್ಲೇ ಇದೆ. ಬಡವರ ಚಿಕ್ಕ ಸಹೋದರಿಯರ ಸಂಘದ ಸ್ಥಾಪಕಿ ಜಾನ್ ಜುಗಾನ್ 1839ರಲ್ಲಿ ಫ್ರಾನ್ಸಿನ ಸೇಂಟ್ ಸರ್ವಾನ್ ಊರಿನಲ್ಲಿ ತೊಡಗಿದ್ದು ಕಟ್ಟಡದಿಂದಲ್ಲ. ಆನ್ ಶೋವಾನ್ ಎಂಬ ಒಬ್ಬ ಕುರುಡು ವೃದ್ಧೆಯನ್ನು ಮನೆಗೆ ತಂದು ತನ್ನ ಮಂಚವನ್ನೇ ಬಿಟ್ಟುಕೊಡುವುದರಿಂದ. ಆ ಸಂಘ ಮುಂದೆ ಬೆಂಗಳೂರಿನವರೆಗೂ ಬಂದಿತು. ಮೊದಲ ನಿವಾಸಿಯ ಹೆಸರು ಇಂದಿಗೂ ನಮಗೆ ತಿಳಿದಿರುವುದೇ ಒಂದು ದೇವಶಾಸ್ತ್ರ.

ಈ ವಿಚಾರದಿಂದ ನಮ್ಮ ಸಂಸ್ಥೆಗಳಿಗೆ ಮೂರು ಹೊಣೆಗಳು ಒದಗುತ್ತವೆ. ಒಂದು, ಪ್ರತಿಯೊಬ್ಬ ಹಿರಿಯರ ಕಡತದ ಮೊದಲ ಪುಟ ರೋಗದ್ದಾಗಿರದೆ ಬಾಳಿನದಾಗಿರಬೇಕು: ಮನೆಯಲ್ಲಿ ಯಾವ ಹೆಸರಿನಿಂದ ಕರೆಯುತ್ತಿದ್ದರು, ಯಾವ ಕೆಲಸ ಮಾಡಿದರು, ಎಷ್ಟು ಹೊತ್ತಿಗೆ ಏಳುವ ರೂಢಿ, ಬೆಳಗ್ಗೆ ಗಂಜಿಯೋ ರೊಟ್ಟಿಯೋ, ಯಾವ ಕೀರ್ತನೆ ಬಾಯಿಗೆ ಬರುತ್ತದೆ, ಯಾವುದಕ್ಕೆ ಹೆದರುತ್ತಾರೆ. ಎರಡು, ಆ ಪುಟವನ್ನು ಓದಿ ನಡೆದುಕೊಳ್ಳಲು ಬಿಡುವಿರುವಷ್ಟು ಮಂದಿ ಸೇವಕರು, ಅವರಿಗೆ ನ್ಯಾಯವಾದ ಕೂಲಿ, ಒಬ್ಬರೇ ಬಹುಕಾಲ ಅದೇ ಹಿರಿಯರನ್ನು ನೋಡಿಕೊಳ್ಳುವ ಏರ್ಪಾಡು. ಮೂವತ್ತು ಮಂದಿಗೆ ಒಬ್ಬಳೇ ಆಯಾ ಇರುವಲ್ಲಿ ವ್ಯಕ್ತಿಕೇಂದ್ರಿತ ಸೇವೆಯನ್ನು ಬೋಧಿಸುವುದು ಅವಳ ಹೆಗಲಿಗೆ ಇನ್ನೊಂದು ಹೊರೆ ಹೊರಿಸಿದಂತೆ. ಮೂರು, ಅನ್ನಳಿಗಿದ್ದಂತೆ ಪ್ರತಿ ಹಿರಿಯರಿಗೂ ಒಂದು ಕರೆ: ಇತರರಿಗಾಗಿ ಪ್ರಾರ್ಥಿಸುವುದು, ಹರಸುವುದು, ಆಶ್ರಮದ ನಿರ್ಧಾರಗಳಲ್ಲಿ ಮಾತನಾಡುವುದು. ಮಾತು ಹೋದವರಿಗೂ ಕರ್ತನ ಭೋಜನದಲ್ಲಿ ಹೆಸರು ಹಿಡಿದು ರೊಟ್ಟಿ ಕೊಡಬಹುದು.

ಕೋಡಿಯಮಠದ ಶಾಸನ ಅಳಿದುಹೋಗಬೇಕೆಂದು ಯಾರೂ ಬಯಸರು. ಅದರ ಅನ್ನಛತ್ರವನ್ನು ಉಳಿಸಿಕೊಂಡೇ ನಾವು ಮುಂದೆ ಹೋಗಬೇಕು. ಪಟ್ಟಿಯಲ್ಲಿರುವ ಒಬ್ಬೊಬ್ಬರ ಎದುರಿಗೂ ಅವರ ಹೆಸರನ್ನೂ ಬಾಳನ್ನೂ ಬರೆಯುವುದು ನಮಗೆ ಉಳಿದಿರುವ ಕೆಲಸ, ಮತ್ತು ಅದನ್ನು ಅವರು ಬದುಕಿರುವಾಗಲೇ ಮಾಡಬೇಕು.