ಜಿಗಿತ ನೋಡಿ, ಆಟ ತಿಳಿಯಿರಿ: ವಿಡಿಯೋ ಗೇಮ್ ರಸಿಕರಿಗೊಂದು ಕೈಪಿಡಿ

ಹೋದ ದೀಪಾವಳಿಗೆ ಸಾಗರದ ಕಡೆಯ ನಮ್ಮೂರಿಗೆ ಹೋಗಿದ್ದಾಗ ಚಿಕ್ಕಪ್ಪ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತರು. ಅವರಿಗೆ ಅರವತ್ತೆಂಟು. ಯಕ್ಷಗಾನ ಎಂದರೆ ಎಷ್ಟು ದೂರವಾದರೂ ಟಾರ್ಚ್ ಹಿಡಿದು ಹೊರಡುವವರು. ಬೆಳಗಿನ ಜಾವ ಮನೆಗೆ ಬಂದು, ಕಾಫಿ ಕುಡಿಯುತ್ತಾ, ಭಾಗವತರು ಯಾವ ಪದ್ಯವನ್ನು ಎಲ್ಲಿ ಎಳೆದರು, ಯಾರ ಅರ್ಥಗಾರಿಕೆ ಎಲ್ಲಿ ಸಡಿಲವಾಯಿತು ಎಂದು ಬಿಡಿಸಿ ಹೇಳುವವರು. ವಿಡಿಯೋ ಗೇಮ್ ಮಾತ್ರ ಹುಡುಗರು ಕಣ್ಣು ಕೆಡಿಸಿಕೊಳ್ಳುವ ದಾರಿ ಎಂದೇ ಅವರ ಎಣಿಕೆ. "ಇದರಲ್ಲಿ ಸವಿಯೋದಕ್ಕೆ ಏನಿದೆಯೋ?" ಎಂದು ಕೇಳಿದರು. ನಾನು ವಾದಕ್ಕೆ ಹೋಗದೆ 'ಪ್ರಿನ್ಸ್ ಆಫ್ ಪರ್ಷಿಯಾ' ಹಾಕಿಕೊಟ್ಟೆ. 1989ರ ಆಟ, ಈಗ ಬ್ರೌಸರಿನಲ್ಲೇ ಆಡಬಹುದು.

ಬಲಗಡೆಯ ಆರೋ ಕೀ ಒತ್ತಿದರು. ರಾಜಕುಮಾರ ಓಡಿದ. ಮುಂದೆ ಹೊಂಡ ಕಂಡು ಚಿಕ್ಕಪ್ಪ ಗಾಬರಿಯಿಂದ ಬೆರಳು ತೆಗೆದರು. ರಾಜಕುಮಾರ ತಟ್ಟನೆ ನಿಲ್ಲಲಿಲ್ಲ. ಓಡಿದ ರಭಸಕ್ಕೆ ಜಾರಿ ಹೊಂಡಕ್ಕೆ ಬಿದ್ದು ಸತ್ತ.

"ಅಯ್ಯೋ, ನಾನು ಕೈ ತೆಗೆದೆನಲ್ಲೋ!"

"ನೀವು ತೆಗೆದಿರಿ ಚಿಕ್ಕಪ್ಪ, ಅವನ ಮೈಗೆ ನಿಲ್ಲೋದಕ್ಕೆ ಸ್ವಲ್ಪ ಹೊತ್ತು ಬೇಕು."

ಒಂದು ಗಳಿಗೆ ಸುಮ್ಮನಿದ್ದು, "ಹೌದಲ್ಲ, ಓಡ್ತಾ ಇರೋನು ಹಾಗೇ ನಿಲ್ಲೋದು" ಎಂದರು.

ಹೊಸದಾಗಿ ಆಟಗಳ ಕಡೆ ಬರುವವರಿಗೆ ನಾನು ಹೇಳಬೇಕಾದ ಮೊದಲ ಪಾಠ ಆ ಮಾತಿನಲ್ಲೇ ಇದೆ. ಆಟದ ಚಿತ್ರ ಕಣ್ಣಿಗೆ, ಸಂಗೀತ ಕಿವಿಗೆ. ಆದರೆ ಅದರ ರಸ ಬೆರಳಿಗೆ ಸಿಗುವಂಥದ್ದು. ಪಕ್ಕದಲ್ಲಿ ನಿಂತು ಬೇರೆಯವರು ಆಡುವುದನ್ನು ನೋಡಿದವರಿಗೆ ಬಣ್ಣ ಕಾಣುತ್ತದೆ, ಗದ್ದಲ ಕೇಳುತ್ತದೆ, ಆಟ ಸಿಗುವುದಿಲ್ಲ. ಆದ್ದರಿಂದ ಎಷ್ಟೇ ಸಂಕೋಚವಾದರೂ, ಎಷ್ಟು ಸಲ ಸತ್ತರೂ, ಕೀಬೋರ್ಡನ್ನು ನೀವೇ ಹಿಡಿಯಬೇಕು. ಸಾಯುವುದಕ್ಕೆ ನಾಚಿಕೆ ಬೇಡ. ಇಲ್ಲಿ ಸಾವು ಎಂದರೆ ಮೇಷ್ಟ್ರು "ಇನ್ನೊಂದು ಸಲ ಹೇಳು" ಎಂದಂತೆ, ಅಷ್ಟೇ.

ಕೈಗೆ ತೆಗೆದುಕೊಂಡ ಮೇಲೆ ಮೊದಲು ಏನು ಗಮನಿಸಬೇಕು? ಜಿಗಿತ. ಕಥೆ ಬಿಡಿ, ಗ್ರಾಫಿಕ್ಸ್ ಬಿಡಿ, ಒಂದು ಸಮತಟ್ಟಾದ ಜಾಗದಲ್ಲಿ ಪಾತ್ರವನ್ನು ನಿಲ್ಲಿಸಿ ಹತ್ತು ಸಲ ಸುಮ್ಮನೆ ಜಿಗಿಸಿ. ಯಕ್ಷಗಾನದ ವೇಷಧಾರಿ ಧೀಂಗಿಣ ಹಾಕುವಾಗ ಕಾಲು ನೆಲ ಬಿಟ್ಟದ್ದು, ನೆಲ ಮುಟ್ಟಿದ್ದು ಚೆಂಡೆಗೆ ಕೂಡಿತೇ ಎಂದು ನೋಡುವ ಕಣ್ಣು ನಿಮಗಿದ್ದರೆ ಇದು ಕಷ್ಟವೇ ಅಲ್ಲ.

1990ರ ದಶಕದಲ್ಲಿ, 2000ದ ಆಚೀಚೆ ನಮ್ಮ ಶಾಲೆಗಳಲ್ಲಿ, ಊರಿನ ಕಂಪ್ಯೂಟರ್ ಸೆಂಟರುಗಳಲ್ಲಿ ಕಲಿತವರಿಗೆ 'ಡೇಂಜರಸ್ ಡೇವ್' ನೆನಪಿರಬೇಕು. ಚಪ್ಪಲಿ ಹೊರಗೆ ಬಿಟ್ಟು, ಒಂದೊಂದು ಕಂಪ್ಯೂಟರಿಗೆ ಮೂವರಂತೆ ಕೂತು, ಮೇಡಂ ಆಚೆ ಹೋದ ತಕ್ಷಣ ತೆರೆಯುತ್ತಿದ್ದ ಆಟ ಅದು. ಜಾನ್ ರೊಮೆರೊ ಬರೆದದ್ದು. ಡೇವ್‌ನ ಜಿಗಿತ ಗಟ್ಟಿ ಲೆಕ್ಕದ್ದು: ಒತ್ತಿದರೆ ಪ್ರತಿ ಸಲವೂ ಅಷ್ಟೇ ಎತ್ತರ. ಹಾಗಾಗಿ ಅಲ್ಲಿ ಬೇಕಾದದ್ದು ಅಳತೆ, ಎಲ್ಲಿ ನಿಂತು ಜಿಗಿಯಬೇಕೆಂಬ ಅಂದಾಜು.

'ಸೂಪರ್ ಮಾರಿಯೋ ಬ್ರದರ್ಸ್' (1985) ಹಾಗಲ್ಲ. ಬಟನ್ ಮೆಲ್ಲಗೆ ತಟ್ಟಿದರೆ ಮಾರಿಯೋ ಚಿಕ್ಕದಾಗಿ ಹಾರುತ್ತಾನೆ, ಒತ್ತಿ ಹಿಡಿದರೆ ಎತ್ತರಕ್ಕೆ. ಗಾಳಿಯಲ್ಲಿರುವಾಗಲೇ ಹಿಂದಕ್ಕೆ ಎಳೆಯಲೂ ಬರುತ್ತದೆ. ನಿಜವಾದ ಲೋಕದಲ್ಲಿ ನೆಲ ಬಿಟ್ಟ ಮೇಲೆ ಯಾರೂ ತಮ್ಮ ದಿಕ್ಕು ಬದಲಿಸಲಾರರು. ಆದರೆ ಆ ಸುಳ್ಳೇ ಮಾರಿಯೋನ ಸುಖ. ತಪ್ಪು ಹೆಜ್ಜೆ ಇಟ್ಟ ಮೇಲೂ ತಿದ್ದಿಕೊಳ್ಳಲು ಒಂದು ಅವಕಾಶ ಉಳಿದಿರುತ್ತದೆ. 2018ರ 'ಸೆಲೆಸ್ಟ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಾತ್ರದ ಕಾಲು ಬಂಡೆಯ ಅಂಚು ದಾಟಿದ ಮೇಲೂ ಕಣ್ಣಿಗೆ ತಿಳಿಯದಷ್ಟು ಹೊತ್ತು ಜಿಗಿಯಲು ಬಿಡುತ್ತದೆ. ಭಾರೀ ಕಷ್ಟದ ಆಟ, ಒಳಗೆ ಮಾತ್ರ ಅಷ್ಟು ದಾಕ್ಷಿಣ್ಯ. ಇದನ್ನು ಆಟ ಎಲ್ಲೂ ಹೇಳಿಕೊಳ್ಳುವುದಿಲ್ಲ. ಆಡುವವರಿಗೆ ಮಾತ್ರ "ಅಬ್ಬ, ಬಚಾವಾದೆ" ಅನ್ನಿಸುತ್ತದೆ.

ಆಮೇಲೆ ನಮ್ಮ ರಾಜಕುಮಾರ. ಅವನ ಜಿಗಿತಕ್ಕೆ ಮೈಭಾರವಿದೆ. ನೆಲ ಬಿಟ್ಟನೋ, ಮುಗಿಯಿತು. ಬಾಣ ಬಿಲ್ಲು ಬಿಟ್ಟಂತೆ. ಒಂದು ಅಂತಸ್ತು ಕೆಳಗೆ ಬಿದ್ದರೆ ಏನೂ ಆಗದು, ಎರಡು ಅಂತಸ್ತಿಗೆ ಜೀವದ ಒಂದು ಪಾಲು ಹೋಗುತ್ತದೆ, ಮೂರಕ್ಕೆ ಪ್ರಾಣವೇ. ಈ ನಾಲ್ಕು ಜಿಗಿತಗಳ ವ್ಯತ್ಯಾಸ ನಿಮ್ಮ ಬೆರಳಿಗೆ ತಿಳಿದ ದಿನ ನೀವು ರಸಿಕರಾದಿರಿ. ಉಳಿದದ್ದೆಲ್ಲ ಅದರ ಮೇಲಿನ ಒಗ್ಗರಣೆ.

ಎರಡನೆಯದಾಗಿ, ಆಟ ಹೇಗೆ ಕಲಿಸುತ್ತದೆ ಎಂದು ನೋಡಿ. ಮಾರಿಯೋನ ಮೊದಲ ಲೆವೆಲ್ ಇದಕ್ಕೆ ಪಠ್ಯಪುಸ್ತಕ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಕಟ್ಟಿದ ಆ ಲೆವೆಲ್‌ನಲ್ಲಿ ಒಂದು ಅಕ್ಷರದ ಸೂಚನೆಯೂ ಇಲ್ಲ. ಮಾರಿಯೋ ಪರದೆಯ ಎಡತುದಿಯಲ್ಲಿ ನಿಂತಿದ್ದಾನೆ, ಬಲಗಡೆ ಬಯಲು. ಯಾವ ಕಡೆ ಹೋಗಬೇಕೆಂದು ಕೇಳುವಂತಿಲ್ಲ. ನಾಲ್ಕು ಹೆಜ್ಜೆಗೆ ಸಿಡುಕುಮುಖದ ಅಣಬೆಯಂಥ ಪ್ರಾಣಿ ಎದುರು ಬರುತ್ತದೆ. ಮುಟ್ಟಿದರೆ ಸಾವು, ಜಿಗಿದು ಮೇಲೆ ಬಿದ್ದರೆ ಅದೇ ಅಪ್ಪಚ್ಚಿ. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ತಾಗಿಸಿದರೆ ಒಂದು ಅಣಬೆ ಹೊರಬಂದು, ಬಲಕ್ಕೆ ಜಾರಿ, ಕೊಳವೆಗೆ ಬಡಿದು ನಮ್ಮ ಕಡೆಗೇ ತಿರುಗಿ ಬರುತ್ತದೆ. ಹೆದರಿ ತಪ್ಪಿಸಿಕೊಳ್ಳಲು ನೋಡಿದರೂ ಅದು ಬಂದು ತಾಗುವುದೇ ಹೆಚ್ಚು, ತಾಗಿದರೆ ಮಾರಿಯೋ ದೊಡ್ಡವನಾಗುತ್ತಾನೆ. ಒಳ್ಳೆಯದೂ ಕೆಟ್ಟದ್ದೂ ಯಾವುದೆಂದು ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ಆ ಲೆವೆಲ್‌ನ ಕೊನೆಯ ಭಾಗಕ್ಕೆ ಬಂದಾಗ ಸ್ವಲ್ಪ ನಿಲ್ಲಿ. ಎರಡು ಮೆಟ್ಟಿಲುಸಾಲುಗಳು ಎದುರುಬದುರಾಗಿವೆ, ನಡುವೆ ಸಂದು. ಆ ಸಂದಿಯಲ್ಲಿ ನೆಲ ಇದೆ. ಬಿದ್ದರೂ ಎದ್ದು ಬರಬಹುದು. ಅದನ್ನು ದಾಟಿದರೆ ಅಂಥದೇ ಇನ್ನೊಂದು ಜೋಡಿ. ಈ ಸಲ ನಡುವೆ ನೆಲವಿಲ್ಲ, ಪಾತಾಳ. ಈಜು ಕಲಿಸುವವರು ಮೊದಲು ಸೊಂಟದ ನೀರಿನಲ್ಲಿ ಕೈಕಾಲು ಬಡಿಸಿ ಆಮೇಲೆ ಆಳಕ್ಕೆ ಬಿಡುವ ಕ್ರಮ ಇದು. ಇಂಥ ಜಾಗ ಕಂಡಾಗ ನನಗೆ ಆಟ ನಿಲ್ಲಿಸಿ ಮಾಡಿದವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಇಡೀ ಆಟ ಕೂತದ್ದು 40 ಕಿಲೋಬೈಟಿನಲ್ಲಿ. ಜಾಗ ಉಳಿಸಲು ಮೇಲಿನ ಮೋಡಕ್ಕೂ ಕೆಳಗಿನ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇಷ್ಟು ಬಿಗಿಯಲ್ಲಿ ಇಷ್ಟು ಧಾರಾಳ.

ಎಲ್ಲ ಆಟದಲ್ಲೂ ಜಿಗಿತ ಇರುವುದಿಲ್ಲವಲ್ಲ ಎನ್ನಬಹುದು. ಸರಿ, 'ಟೆಟ್ರಿಸ್' ತೆಗೆದುಕೊಳ್ಳಿ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ಅದನ್ನು ಬರೆದ ಎಲೆಕ್ಟ್ರಾನಿಕಾ 60 ಕಂಪ್ಯೂಟರಿಗೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ಚೌಕ ಮಾಡಿಕೊಂಡರು. ನಾಲ್ಕು ಚೌಕಗಳ ಏಳು ಆಕಾರ, ಸಾಲು ತುಂಬಿದರೆ ಮಾಯ, ಮುಗಿಯಿತು ನಿಯಮ. ಬರೀ ನಿಯಮವೇ ರಸವಾಗುವುದು ನಮಗೆ ಹೊಸದೇನೂ ಅಲ್ಲ. ಚೌಕಾಬಾರದಲ್ಲಿ, ಅಳಿಗುಳಿಮಣೆಯಲ್ಲಿ, ಹುಲಿಕಲ್ಲು ಆಟದಲ್ಲಿ ಅದನ್ನೇ ಸವಿದವರು ನಾವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಓಡಿಸುವ ಸಮಸ್ಯೆಯಲ್ಲಿ ಮುಳುಗಿದ್ದವರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೇ ಮೀಸಲಾದ 'ಕೌತುಕನಿಧಿ' ಎಂಬ ಭಾಗವಿದೆ. ಟೆಟ್ರಿಸ್‌ನಲ್ಲಿ ನಮ್ಮನ್ನು ಸೋಲಿಸುವ ಗೋಡೆ ನಾವೇ ಕಟ್ಟಿದ್ದು, ನಮ್ಮದೇ ಹಳೆಯ ತಪ್ಪುಗಳ ರಾಶಿ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ನಿಂಟೆಂಡೊ ಟೆಟ್ರಿಸ್‌ನ 157ನೇ ಲೆವೆಲ್ ತಲುಪಿದಾಗ ಪ್ರೋಗ್ರಾಮೇ ಕೈಚೆಲ್ಲಿ ನಿಂತುಬಿಟ್ಟಿತು.

ಯಾವುದನ್ನು ಆಡಬಾರದು ಎಂದೂ ಹೇಳಿಬಿಡುತ್ತೇನೆ. ಫೋನಿನಲ್ಲಿ ಪುಕ್ಕಟೆ ಸಿಗುವ ಅನೇಕ ಆಟಗಳು ಹತ್ತು ನಿಮಿಷ ಚೆನ್ನಾಗಿ ಆಡಿಸಿ, ಆಮೇಲೆ ಬೇಕೆಂದೇ ಕಾಯಿಸುತ್ತವೆ. ಕಾಯಲಾರದವರು ದುಡ್ಡು ಕೊಡಲಿ ಎಂಬುದೇ ಅಲ್ಲಿನ ಲೆಕ್ಕ. ಅಲ್ಲಿ ಆಟ ಕಟ್ಟಿದವರು ನಿಮ್ಮ ಬೆರಳನ್ನು ನೋಡುತ್ತಿಲ್ಲ, ಜೇಬನ್ನು ನೋಡುತ್ತಿದ್ದಾರೆ. ಅವನ್ನು ಆಡಿ ವಿಡಿಯೋ ಗೇಮ್ ಎಂದರೆ ಇಷ್ಟೇ ಎಂದು ತೀರ್ಮಾನಿಸಬೇಡಿ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೂಡ ಈಗಲೇ ಬೇಡ. ಇಲ್ಲಿ ಹೆಸರಿಸಿದ ಒಂದೊಂದು ಆಟವೂ ಮನೆಯ ಹಳೇ ಕಂಪ್ಯೂಟರಿನಲ್ಲಿ ಓಡುವಂಥದ್ದು.

ಇನ್ನು 'ಪ್ರಿನ್ಸ್ ಆಫ್ ಪರ್ಷಿಯಾ'. ಜೋರ್ಡನ್ ಮೆಕ್ನರ್ ಇದನ್ನು ಆರಂಭಿಸಿದ್ದು 1985ರಲ್ಲಿ, ಆಪಲ್ 2 ಕಂಪ್ಯೂಟರಿಗಾಗಿ. ಬಿಳಿ ಬಟ್ಟೆ ತೊಡಿಸಿ ತಮ್ಮ ಡೇವಿಡ್‌ನನ್ನು ಓಡಿಸಿದರು, ಜಿಗಿಸಿದರು, ಗೋಡೆ ಹತ್ತಿಸಿದರು. ಅದನ್ನು ವಿಡಿಯೋ ಮಾಡಿಕೊಂಡು, ಒಂದೊಂದೇ ಚಿತ್ರ ತೆಗೆದು, ಅದರ ಮೇಲೆ ಗೆರೆ ಎಳೆದು ರಾಜಕುಮಾರನನ್ನು ಬಿಡಿಸಿದರು. ಚಿಕ್ಕಪ್ಪನ ಬೆರಳಿಗೆ ಸಿಕ್ಕಿದ ಆ ಜಾರುವ ಹೆಜ್ಜೆ ನಿಜವಾದ ಹುಡುಗನೊಬ್ಬನದು. ಕತ್ತಿಯ ಕಾಳಗಕ್ಕೆ 1938ರ ರಾಬಿನ್ ಹುಡ್ ಸಿನಿಮಾದ ದೃಶ್ಯ ಆಧಾರ. ಸಂಗೀತ ಕೊಟ್ಟವರು ತಂದೆ ಫ್ರಾನ್ಸಿಸ್. ಆ ಸಂಗೀತವೂ ಕೆಲವು ಗಳಿಗೆಗಳಲ್ಲಿ ಮಾತ್ರ. ಉಳಿದಂತೆ ಕೇಳುವುದು ಕಲ್ಲಿನ ಮೇಲೆ ಹೆಜ್ಜೆ ಸಪ್ಪಳ, ಬಾಗಿಲು ಏರಿ ಇಳಿಯುವ ಕಿರಗುಟ್ಟು. ದಯವಿಟ್ಟು ಸೌಂಡ್ ಆಫ್ ಮಾಡಿ ಆಡಬೇಡಿ.

ರಾಜಕುಮಾರಿಯನ್ನು ಬಿಡಿಸಲು 60 ನಿಮಿಷ. ಸತ್ತರೆ ಲೆವೆಲ್ ಮೊದಲಿಂದ ಶುರುವಾಗುತ್ತದೆ, ಗಡಿಯಾರ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಎದುರಿಗೆ ನೆಲದ ಮುಳ್ಳುಗಳು. ಓಡಿದರೆ ಚುಚ್ಚುತ್ತವೆ, ಶಿಫ್ಟ್ ಕೀ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರೆ ಚುಚ್ಚುವುದಿಲ್ಲ. ಗಡಿಯಾರ ಓಡು ಎನ್ನುತ್ತದೆ, ಮುಳ್ಳು ನಿಲ್ಲು ಎನ್ನುತ್ತದೆ. ಆ ಎಳೆದಾಟ ಪೂರ್ತಿ ನಡೆಯುವುದು ನಿಮ್ಮ ಎರಡು ಕೈಗಳ ನಡುವೆ.

ಮೆಕ್ನರ್‌ಗೆ ಒಂದು ತೊಡಕು ಎದುರಾಗಿತ್ತು. ರಾಜಕುಮಾರನ ಅಷ್ಟೊಂದು ಚಿತ್ರಗಳೇ ಮೆಮೊರಿಯನ್ನೆಲ್ಲ ತಿಂದುಹಾಕಿದ್ದವು, ಶತ್ರುವಿಗೆ ಜಾಗವಿರಲಿಲ್ಲ. ಆಗ ಹೊಳೆದದ್ದು, ರಾಜಕುಮಾರನ ಚಿತ್ರಗಳನ್ನೇ ಒಂದು ಚುಕ್ಕಿಯಷ್ಟು ಸರಿಸಿ ಅವುಗಳ ಮೇಲೆಯೇ ಕೂರಿಸಿದರೆ ಮಿನುಗುವ ಅಂಚು ಮಾತ್ರ ಉಳಿಯುತ್ತದೆ ಎಂದು. ಒಂದು ಬೈಟೂ ಹೆಚ್ಚು ಖರ್ಚಿಲ್ಲದೆ ಎದುರಾಳಿ ಹುಟ್ಟಿದ: ನೆರಳು. ಆಮೇಲೆ ಜಾಗ ಹೊಂದಿಸಿ ಕಾವಲುಗಾರರೂ ಬಂದರು, ಆದರೆ ಆಟದ ಆತ್ಮ ಈ ನೆರಳೇ. ನಾಲ್ಕನೇ ಲೆವೆಲ್‌ನಲ್ಲಿ ರಾಜಕುಮಾರ ಕನ್ನಡಿಯನ್ನು ಸೀಳಿಕೊಂಡು ಹಾರುತ್ತಾನೆ. ಅವನು ಈಚೆ ಬಂದರೆ ನೆರಳು ಆಚೆ ಓಡುತ್ತದೆ. ಐದನೆಯದರಲ್ಲಿ ನಮಗೆ ಸಿಗಬೇಕಾದ ಮದ್ದನ್ನು ಅದು ಕುಡಿದು ಹೋಗುತ್ತದೆ. ಆರನೆಯದರಲ್ಲಿ ನಾವು ಹಾರುವ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಿ ಬೀಳಿಸುತ್ತದೆ. ಹನ್ನೆರಡನೆಯದರಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ.

ಹಬ್ಬದ ಮೂರನೇ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಅಲ್ಲಿಯವರೆಗೆ ನಾನೇ ಆಡಿ ಕೀಬೋರ್ಡನ್ನು ಚಿಕ್ಕಪ್ಪನ ಕಡೆಗೆ ಸರಿಸಿದೆ. ಅಷ್ಟರಲ್ಲಿ ಅವರು ಕಾವಲುಗಾರರನ್ನು ಸೋಲಿಸುವಷ್ಟು ಪಳಗಿದ್ದರು. ಶಿಫ್ಟ್ ಒತ್ತಿ ಹೊಡೆದರು. ಏಟು ನೆರಳಿಗೆ ಬಿತ್ತು; ಪರದೆಯ ಎಡಮೂಲೆಯಲ್ಲಿ ರಾಜಕುಮಾರನ ಕೆಂಪು ತ್ರಿಕೋನಗಳಲ್ಲೂ ಒಂದು ಹೋಯಿತು. ಮತ್ತೆ ಹೊಡೆದರು, ಮತ್ತೊಂದು ಹೋಯಿತು. ಸತ್ತರು. ನಾನು ಮತ್ತೆ ಅಲ್ಲಿಯವರೆಗೆ ಹತ್ತಿಸಿಕೊಟ್ಟೆ. ಇನ್ನೂ ಜೋರಾಗಿ ಹೊಡೆದರು, ಇನ್ನೂ ಬೇಗ ಸತ್ತರು.

"ಅವನಿಗೆ ಹೊಡೆದರೆ ನಂಗ್ಯಾಕೋ ಕಡಿಮೆ ಆಗ್ತದೆ?"

ನಾನು ಉತ್ತರ ಹೇಳಲಿಲ್ಲ. ಮೂರನೆಯ ಸಲ ನೆರಳಿನ ಎದುರು ನಿಂತಾಗ ಚಿಕ್ಕಪ್ಪ ಹೊಡೆಯಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡರು. ಪರದೆಯ ಮೇಲೆ ಎರಡು ಕತ್ತಿಗಳು ಎದುರುಬದುರಾಗಿ ಕಾಯುತ್ತಿದ್ದವು. ಅವರ ಬೆರಳು ಶಿಫ್ಟ್ ಕೀಯ ಮೇಲಿಂದ ಮೆಲ್ಲಗೆ ಎದ್ದಿತು.

"ಕತ್ತಿ ಒರೆಗೆ ಹಾಕೋ ಕೀ ಯಾವುದೋ?"

"ಕೆಳಗಿನ ಆರೋ, ಚಿಕ್ಕಪ್ಪ" ಎಂದೆ.