ಎಕ್ಸ್-ರೇ ನಾರ್ಮಲ್ ಇದ್ದ ಇಬ್ಬರು

ಎಚ್1ಎನ್1 ಫ್ಲೂ ಹೊಸದಾಗಿ ಹಬ್ಬಿದ 2009ರಲ್ಲಿ ಟೆಲ್ ಅವೀವ್‌ನ ವೈದ್ಯೆ ಗಲಿತ್ ಅವಿರಾಮ್ ಮತ್ತು ಸಂಗಡಿಗರು ಒಂದು ಪ್ರಶ್ನೆ ಎತ್ತಿಕೊಂಡರು. ರೋಗಿ ಆಸ್ಪತ್ರೆಗೆ ಬಂದಾಗ ತೆಗೆದ ಎದೆಯ ಎಕ್ಸ್-ರೇ ನೋಡಿ, ಮುಂದೆ ವೆಂಟಿಲೇಟರ್ ಬೇಕಾಗುವವರು ಯಾರು, ಉಳಿಯದವರು ಯಾರು ಎಂದು ಹೇಳಬಹುದೆ? 2010ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಗೌರವ ಮೊದಲು ಕಣ್ಣಿಗೆ ಬೀಳುವ ಅಂಕಿಗಳಿಂದ ಬಂದದ್ದಲ್ಲ.

ಎಕ್ಸ್-ರೇ ತೆಗೆದ 97 ಮಂದಿಯಲ್ಲಿ 39 ಜನರ ಫಿಲ್ಮಿನಲ್ಲಿ ಫ್ಲೂನ ಗುರುತು ಕಂಡಿತು. ಅವರಲ್ಲಿ ಶೇ. 69 ಮಂದಿಗೆ ಗ್ರೌಂಡ್ ಗ್ಲಾಸ್ ಎನ್ನುವ ತೆಳು ಮಸುಕು, ಶೇ. 59 ಮಂದಿಗೆ ಗಾಳಿಗೂಡುಗಳು ತುಂಬಿಕೊಂಡು ಬೆಳ್ಳಗೆ ಕಾಣುವ ಕನ್ಸಾಲಿಡೇಶನ್. ಶ್ವಾಸಕೋಶದ ನಾಲ್ಕು ಅಥವಾ ಹೆಚ್ಚು ವಲಯಗಳಿಗೆ ಮಸುಕು ಹರಡಿದ್ದದ್ದು ಸ್ಥಿತಿ ಬಿಗಡಾಯಿಸಿದವರಲ್ಲಿ ಶೇ. 60, ಚೇತರಿಸಿಕೊಂಡವರಲ್ಲಿ ಶೇ. 6. ಅಂತರವೇನೋ ದೊಡ್ಡದು. ಆದರೆ ಆ ಶೇ. 60 ಎಂದರೆ ಐವರಲ್ಲಿ ಮೂವರು. ಇಷ್ಟು ಸಣ್ಣ ಲೆಕ್ಕದ ಮೇಲೆ ಭವಿಷ್ಯ ನುಡಿಯುವ ನಿಯಮ ಕಟ್ಟಲಾಗದು. ಮೇಲಾಗಿ, ಒಟ್ಟು 179 ರೋಗಿಗಳಲ್ಲಿ ಎಕ್ಸ್-ರೇ ತೆಗೆದದ್ದು ಈ 97 ಮಂದಿಗೆ ಮಾತ್ರ.

ಅಧ್ಯಯನದ ನಿಜವಾದ ತೂಕ ಇರುವುದು ಬೇರೆ ಕಡೆ. ಎಕ್ಸ್-ರೇ ನಾರ್ಮಲ್ ಇದ್ದ 58 ಮಂದಿಯಲ್ಲೂ ಇಬ್ಬರ ಸ್ಥಿತಿ ಬಿಗಡಾಯಿಸಿತು. ನಿಯಮ ಕಟ್ಟಲು ಇಬ್ಬರು ಸಾಲದು. ‘ಫಿಲ್ಮ್ ಚೆನ್ನಾಗಿದೆ, ಭಯವಿಲ್ಲ’ ಎಂಬ ನಿಯಮವನ್ನು ಮುರಿಯಲು ಸಾಕು. ರೋಗ ಶ್ವಾಸಕೋಶದ ಆಳಕ್ಕಿಳಿದು ಫಿಲ್ಮಿನಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಬೇಗ ಬಂದ ರೋಗಿಗೆ ಮೊದಲ ಚಿತ್ರ ಧೈರ್ಯ ಹೇಳಿಬಿಡುವ ಅಪಾಯವೂ ಇದರಲ್ಲೇ ಇದೆ.

ಸಿ.ಟಿ. ಸ್ಕ್ಯಾನ್ ಇನ್ನಷ್ಟು ತೋರಿಸುತ್ತದೆ, ನಿಜ. ಅದೇ 2009ರಲ್ಲಿ ಮಿಶಿಗನ್‌ನ ವೈದ್ಯರು ಐಸಿಯು ಸೇರಿದ 14 ಎಚ್1ಎನ್1 ರೋಗಿಗಳ ಪೈಕಿ ಐವರ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡದ್ದು ಸಿ.ಟಿ.ಯಿಂದ. ಮಸುಕಿನ ಪ್ರಮಾಣಕ್ಕೆ ಹೊಂದದಷ್ಟು ಆಮ್ಲಜನಕ ಕುಸಿದಾಗ ಸಿ.ಟಿ. ಮಾಡಿಸಲೇಬೇಕು. ಆದರೆ ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಸ್ಕ್ಯಾನ್ ಕೋಣೆಗೆ ಸಾಗಿಸುವುದೇ ಅಪಾಯದ ಕೆಲಸ. ಎಲ್ಲರಿಗೂ ಬರೆದುಕೊಡುವ ಪರೀಕ್ಷೆ ಅದಲ್ಲ.

ಎಕ್ಸ್-ರೇ ವರದಿಯಲ್ಲಿ ‘ವೈರಲ್ ನ್ಯುಮೋನಿಯಾ’ ಎಂದಷ್ಟೇ ಬರೆದು ಮುಗಿಸುವ ರೂಢಿಯನ್ನು ನಾನು ಒಪ್ಪಲಾರೆ. ಕೋವಿಡ್‌ನಲ್ಲೂ ಇಂಥದೇ ಮಸುಕು ಕಂಡಿತು. ಯಾವ ವೈರಸ್ ಎಂದು ಹೇಳಬೇಕಾದದ್ದು ಮೂಗು-ಗಂಟಲಿನ ಸ್ವ್ಯಾಬ್ ಪರೀಕ್ಷೆ. ಎಷ್ಟು ವಲಯಗಳಿಗೆ ಹರಡಿದೆ, ನಿನ್ನೆಗಿಂತ ಹೆಚ್ಚಿದೆಯೇ, ಬ್ಯಾಕ್ಟೀರಿಯಾ ಸೋಂಕೂ ಸೇರಿಕೊಂಡಿತೆಂಬ ಶಂಕೆಗೆ ಕಾರಣವಾಗುವ ಹೊಸ ಗಟ್ಟಿ ಮಚ್ಚೆ ಇದೆಯೇ ಎಂಬುದನ್ನು ಬರೆದ ವರದಿಯಿಂದ ಹಾಸಿಗೆಯ ಪಕ್ಕ ನಿಂತ ವೈದ್ಯರಿಗೆ ಉಪಯೋಗವಾಗುತ್ತದೆ.

ಫ್ಲೂಗೆ ಕೊಡುವ ಔಷಧ ಒಸೆಲ್ಟಾಮಿವಿರ್ ಹೆಚ್ಚು ಫಲ ಕೊಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟಾಗ. ತೀವ್ರ ರೋಗಿಗೆ ಅದನ್ನು ಕೊಡಲು ಎಕ್ಸ್-ರೇ ಬರಲೆಂದು ಕಾಯಬಾರದು. ಓದುಗರಲ್ಲಿ ಒಂದು ವಿನಂತಿ: ಫ್ಲೂ ಆದವರಿಗೆ ಏದುಸಿರು ಬಂದರೆ, ನಿನ್ನೆಯ ಎಕ್ಸ್-ರೇ ನಾರ್ಮಲ್ ಇತ್ತೆಂದು ಮನೆಯಲ್ಲಿ ಕೂರಿಸಿಕೊಳ್ಳಬೇಡಿ, ಕೂಡಲೇ ಮತ್ತೆ ಆಸ್ಪತ್ರೆಗೆ ಕರೆದೊಯ್ಯಿರಿ.